ತಕ್ಕಡಿಯ ಹಿಂದಿನ ಹೊತ್ತಿಗೆ

ಪುಷ್ಯಮಾಸದಲ್ಲಿ ತೊಗರಿಯ ರಾಶಿ ಮುಗಿದು, ಹೊಟ್ಟು ತೂರಿ, ಕಾಳನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದ ಮೇಲೆ, ಸಿಂದಗಿ ಸೀಮೆಯ ಯಂಕಂಚಿಯಂಥ ಊರಿನ ಒಕ್ಕಲಿಗನು ವರ್ಷವಿಡೀ ಮಳೆಯೊಡನೆಯೂ ಕಾಯಿಕೊರಕದೊಡನೆಯೂ ಸಾಲದೊಡನೆಯೂ ನಡೆಸಿದ ವ್ಯವಹಾರವೆಲ್ಲ ಕಟ್ಟಕಡೆಗೆ ಒಂದು ಅಂಕೆಗೆ ಬಂದು ನಿಲ್ಲುತ್ತದೆ. ಆ ಅಂಕೆ ಕಾಣಿಸಿಕೊಳ್ಳುವುದು ಅಡತಿ ಅಂಗಡಿಯ ಮುಂದಿಟ್ಟ ವಿದ್ಯುನ್ಮಾನ ಕಾಟಾದ ಕಿರುಗಾಜಿನಲ್ಲಿ, ಕೆಂಪು ದೀಪದ ಗೆರೆಗಳಲ್ಲಿ. “ಕಾಟಾ ಸರಿ ಐತೇನ್ರಿ ಸಾವಕಾರ್ರ?” ಎಂದು ರೈತನು ಕೇಳಿದರೆ, “ಮುದ್ರಿ ಹೊಡಸೀವಿ ಗೌಡ್ರ, ಬೇಕಾದ್ರ ನೋಡ್ರಿ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮುದ್ರೆಯನ್ನು ನೋಡಿದ ರೈತನಿಗೆ ಅದರಿಂದ ತಿಳಿಯುವುದೇನು? ವರ್ಷ, ತ್ರೈಮಾಸಿಕ, ಅಧಿಕಾರಿಯ ಗುರುತು ಇಷ್ಟೆ. ಆ ಗುರುತನ್ನು ಒತ್ತಿದ ಕೈಯು ಒತ್ತುವುದಕ್ಕೆ ಮೊದಲು ಏನೇನು ಮಾಡಿತು, ಯಾವ ಪ್ರಮಾಣವನ್ನು ಮುಂದಿಟ್ಟುಕೊಂಡು “ಸರಿ” ಎಂದಿತು ಎಂಬ ವಿಷಯವು ಮುದ್ರೆಯಲ್ಲಿಲ್ಲ. ಅದು ಇರುವುದು ಒಂದು ಪುಸ್ತಕದಲ್ಲಿ.

ತೂಕ-ಅಳತೆಯ ಪರೀಕ್ಷಕರು, ಕಾರ್ಖಾನೆಗಳಲ್ಲಿ ಉಪಕರಣಗಳ ಮಾಪನಾಂಕವನ್ನು ನಿರ್ಣಯಿಸುವ ತಂತ್ರಜ್ಞರು, ಪ್ರಯೋಗಾಲಯದ ಸಹಾಯಕರು ಇವರೆಲ್ಲರ ಮೇಜಿನ ಮೇಲೆ ಇರತಕ್ಕ ಈ ಬಗೆಯ ಕೈಪಿಡಿಗಳನ್ನು ಪುಸ್ತಕಪ್ರಿಯರು ಪುಸ್ತಕಗಳ ಪಂಕ್ತಿಯಲ್ಲಿ ಎಣಿಸುವುದಿಲ್ಲ. ಇವಕ್ಕೆ ವಿಮರ್ಶೆಯಿಲ್ಲ, ಬಹುಮಾನವಿಲ್ಲ; ಎಣ್ಣೆ ಮೆತ್ತಿದ ಬೆರಳಿನ ಕಲೆಗಳೇ ಇವುಗಳ ಪಾಲಿನ ಮೆಚ್ಚಿಕೆ. ಆದರೂ ಒಂದು ವಿಚಾರದಲ್ಲಿ ಇವು ಉಳಿದ ಗ್ರಂಥಗಳಿಗಿಂತ ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ. ಲೋಕದಲ್ಲಿ ಪೂರ್ತಿ ಸರಿಯಾದ ತಕ್ಕಡಿಯೆಂಬುದು ಇಲ್ಲವೆಂಬ ಮಾತನ್ನು ಮೊದಲ ಪುಟದಲ್ಲಿಯೇ ಒಪ್ಪಿಕೊಂಡು, ಹಾಗಾದರೆ ಎಷ್ಟು ತಪ್ಪನ್ನು ಸಹಿಸಬಹುದು, ಎಷ್ಟರಾಚೆಗೆ ಸಹಿಸಬಾರದು ಎಂಬುದನ್ನು ಕೋಷ್ಟಕ ಕಟ್ಟಿ ಹೇಳುವುದೇ ಇವುಗಳ ಕಾಯಕ. ಆ ಸಹನೆಯ ಎಲ್ಲೆಗೆ ಶಾಸ್ತ್ರದಲ್ಲಿ ಗರಿಷ್ಠ ಅನುಮತ ದೋಷವೆಂದು ಹೆಸರು.

ನಮ್ಮ ದೇಶದಲ್ಲಿ ಈಗ ಜಾರಿಯಲ್ಲಿರುವುದು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ. 2011ರ ಏಪ್ರಿಲ್ 1ರಿಂದ ಅದು ನಡೆಗೆ ಬಂದಿತು. ಅದರ ಕೆಳಗೆ ರಚಿತವಾದ 2011ರ ಸಾಮಾನ್ಯ ನಿಯಮಗಳೂ ಅವುಗಳ ಬೆನ್ನಿಗಿರುವ ಅನುಬಂಧಗಳೂ ಸೇರಿ, ಜನರ ಬಾಯಲ್ಲಿ ಇಂದಿಗೂ ‘ತೂಕ-ಮಾಪ ಇಲಾಖೆ’ ಎನಿಸಿಕೊಳ್ಳುವ ಇಲಾಖೆಯ ನಿರೀಕ್ಷಕನಿಗೆ ನಿತ್ಯಪಾರಾಯಣದ ಗ್ರಂಥವಾಗಿವೆ. ತೂಕದ ಕಲ್ಲು, ದಂಡತಕ್ಕಡಿ, ಲೀಟರಿನ ಪಾತ್ರೆ, ಅಳತೆಯ ಪಟ್ಟಿ ಇವನ್ನು 24 ತಿಂಗಳಿಗೊಮ್ಮೆ, ವಿದ್ಯುನ್ಮಾನ ಕಾಟಾವನ್ನು 12 ತಿಂಗಳಿಗೊಮ್ಮೆ ಮರುಪರೀಕ್ಷೆಗೆ ಒಡ್ಡತಕ್ಕದ್ದೆಂಬ ವಿಧಿಯೂ ಅಲ್ಲಿಯದೇ. ಕಬ್ಬಿಣದ ಕಲ್ಲಿಗಿಂತ ದೀಪದ ಅಂಕೆಗೆ ಅರ್ಧ ಆಯುಷ್ಯವನ್ನು ಮಾತ್ರ ಕೊಟ್ಟ ನಿಯಮಕಾರರ ಲೋಕಾನುಭವವನ್ನು ಮೆಚ್ಚಲೇಬೇಕು.

ಈಗ ಆ ತೊಗರಿ ಚೀಲದ ಬಳಿಗೇ ಹೋಗೋಣ. ನೂರು ಕಿಲೋ ತಾಳುವ, 20 ಗ್ರಾಂ ಹೆಜ್ಜೆಯಲ್ಲಿ ಅಂಕೆ ಬದಲಿಸುವ, ನಿಖರತೆಯಲ್ಲಿ ಮೂರನೆಯ ವರ್ಗದ ಕಾಟಾವೊಂದನ್ನು ತೆಗೆದುಕೊಂಡರೆ, ಅದರ ಮೇಲೆ 10 ಕಿಲೋವರೆಗೆ 10 ಗ್ರಾಂ, ಅಲ್ಲಿಂದ 40 ಕಿಲೋವರೆಗೆ 20 ಗ್ರಾಂ, ಅದರಾಚೆ ನೂರರವರೆಗೆ 30 ಗ್ರಾಂ ಹೆಚ್ಚು ಅಥವಾ ಕಡಿಮೆ ತೋರಿಸುವ ಸ್ವಾತಂತ್ರ್ಯವನ್ನು ಮುದ್ರೆಯೊತ್ತುವ ದಿನ ಕೋಷ್ಟಕವು ಕೊಡುತ್ತದೆ. ಬಳಕೆಗೆ ಬಿದ್ದು ಸವೆದ ಮೇಲೆ ನಿರೀಕ್ಷಕನು ಅನಿರೀಕ್ಷಿತವಾಗಿ ಬಂದು ನೋಡಿದರೆ ಈ ಎಲ್ಲೆ ಇಮ್ಮಡಿಯಾಗುತ್ತದೆ. ಎಂದರೆ ಒಂದು ಕ್ವಿಂಟಲ್ ತೊಗರಿಯ ಮೇಲೆ ಬಳಕೆಯ ಕಾಟಾಕ್ಕೆ ಶಾಸ್ತ್ರವು ಕ್ಷಮಿಸುವ ತಪ್ಪು 60 ಗ್ರಾಂ, ಒಂದು ಹಿಡಿ ಬೇಳೆಯ ಆಸುಪಾಸು. ಚೀಲದ ತೂಕವೆಂದು, ಧೂಳೆಂದು, ಹಸಿಯೆಂದು ಬಾಯಿಲೆಕ್ಕದಲ್ಲಿ ಕಳೆಯುವ ಕಿಲೋಗಟ್ಟಲೆಯ ಮುಂದೆ ಈ 60 ಗ್ರಾಮಿನ ಜಿಪುಣತನವು ನಗೆ ತರಿಸಬಹುದು. ಆದರೆ ಆ ಕಳೆತವು ಕಾಟಾದ ದೋಷವಲ್ಲ, ಕಾಟಾದ ಪುಸ್ತಕವು ಅದಕ್ಕೆ ಹೊಣೆಯೂ ಅಲ್ಲ. ಎರಡನ್ನೂ ಬೇರ್ಪಡಿಸಿ ನೋಡುವ ಅಭ್ಯಾಸ ನಮ್ಮ ಪೇಟೆಗಳಲ್ಲಿ ಕಡಿಮೆ. ಯಂತ್ರ ಸರಿಯಿದೆಯೆಂಬ ನೆಪದಲ್ಲಿ ಮನುಷ್ಯನ ಕೈವಾಡವೂ ಸರಿಯೆನಿಸಿಕೊಂಡು ಸಾಗಿಹೋಗುತ್ತದೆ.

ಪರೀಕ್ಷಿಸುವ ಕ್ರಮವನ್ನು ನೋಡಿದರೆ ಕೈಪಿಡಿಯನ್ನು ಬರೆದವರ ಬುದ್ಧಿಯ ಹರಿತ ತಿಳಿಯುತ್ತದೆ. ಮೊದಲು ಬರಿಯ ತಟ್ಟೆ ಸೊನ್ನೆಯನ್ನು ತೋರುತ್ತಿದೆಯೇ ಎಂದು ನೋಡತಕ್ಕದ್ದು. ಆಮೇಲೆ ಕಾಟಾದ ಸಾಮರ್ಥ್ಯದ ಮೂರನೆಯ ಒಂದು ಪಾಲಿನಷ್ಟು, ಎಂದರೆ ನೂರು ಕಿಲೋದ ಕಾಟಾಕ್ಕೆ 33 ಕಿಲೋ ಸುಮಾರಿನ, ಪ್ರಮಾಣಿತ ಕಲ್ಲುಗಳನ್ನು ತಟ್ಟೆಯ ನಾಲ್ಕು ಮೂಲೆಗಳಲ್ಲಿ ಒಂದಾದ ಮೇಲೊಂದರಂತೆ ಇಟ್ಟು, ನಾಲ್ಕೂ ಸಲ ಅಂಕೆಯು ಎಲ್ಲೆಯೊಳಗೆ ನಿಲ್ಲುವುದೇ ಎಂದು ಪರಿಶೀಲಿಸತಕ್ಕದ್ದು. ಏಕೆಂದರೆ ಹಮಾಲನು ಚೀಲವನ್ನು ಹೆಗಲಿನಿಂದ ಇಳಿಸುವಾಗ ತಟ್ಟೆಯ ನಡುಮಧ್ಯವನ್ನು ಹುಡುಕಿ ಇಳಿಸುವುದಿಲ್ಲ, ಅದು ಬಿದ್ದ ಕಡೆ ಬೀಳುತ್ತದೆ. ಮೂಲೆಗೆ ಬಿದ್ದ ಚೀಲವೂ ನಡುವೆ ಬಿದ್ದ ಚೀಲವೂ ಒಂದೇ ತೂಗಬೇಕು. ಬಳಿಕ ಒಂದೇ ಭಾರವನ್ನು ಮತ್ತೆ ಮತ್ತೆ ಇಟ್ಟು ತೆಗೆದು ನೋಡಬೇಕು.

ಎಲ್ಲಕ್ಕಿಂತ ಸೊಗಸಾದದ್ದು ಅಂಕೆಯೊಳಗಿನ ಅಂಕೆಯನ್ನು ಹೊರಗೆಳೆಯುವ ಉಪಾಯ. ಕಾಟಾವು 50.00 ಕಿಲೋ ಎಂದು ತೋರಿಸಿತೆನ್ನಿ. 20 ಗ್ರಾಂ ಹೆಜ್ಜೆಯ ಯಂತ್ರವಾದುದರಿಂದ ಅದರ ಒಳಗಿನ ನಿಜವಾದ ಎಣಿಕೆ 49.990ರಿಂದ 50.010ರವರೆಗೆ ಎಲ್ಲಿಯೂ ಇರಬಹುದು. ಯಂತ್ರವು ಉಳಿದುದನ್ನು ನುಂಗಿ ದುಂಡಗೆ ಮಾಡಿ ಹೇಳುತ್ತದೆ. ಆಗ ತಂತ್ರಜ್ಞನು ಎರಡೆರಡು ಗ್ರಾಮಿನ ಚಿಕ್ಕ ಬೊಟ್ಟುಗಳನ್ನು ಒಂದೊಂದಾಗಿ ತಟ್ಟೆಯ ಮೇಲೆ ಇಡುತ್ತ ಹೋಗುತ್ತಾನೆ. ಮೂರನೆಯ ಬೊಟ್ಟಿಗೆ, ಎಂದರೆ ಆರು ಗ್ರಾಂ ಕೂಡಿದಾಗ, ಅಂಕೆ 50.02ಕ್ಕೆ ಹಾರಿತೆಂದರೆ, ಹಾರುವ ಗಡಿ 50.010 ಎಂಬುದು ಗೊತ್ತಿರುವುದರಿಂದ ಅದರಲ್ಲಿ ಆರನ್ನು ಕಳೆದು, ಯಂತ್ರದ ಅಂತರಂಗದ ಎಣಿಕೆ 50.004 ಎಂದು ಬರೆದುಕೊಳ್ಳುತ್ತಾನೆ. ತಪ್ಪು ನಾಲ್ಕು ಗ್ರಾಂ. ಕಣ್ಣಿಗೆ ಕಾಣದ ನಾಲ್ಕು ಗ್ರಾಮನ್ನು, 20 ಗ್ರಾಮಿಗಿಂತ ಸಣ್ಣದನ್ನು ಹೇಳಲಾರದ ಯಂತ್ರದ ಬಾಯಿಂದಲೇ ಹೇಳಿಸುವ ಈ ಯುಕ್ತಿಯು ಪುಸ್ತಕದಲ್ಲಿ ಒಂದು ಒಣ ಸಮೀಕರಣವಾಗಿ, ಅರ್ಧ ಸಾಲಿನಲ್ಲಿ, ಯಾವ ಹೆಮ್ಮೆಯೂ ಇಲ್ಲದೆ ಕುಳಿತಿರುತ್ತದೆ.

ಕೈಪಿಡಿಯಲ್ಲಿ ಇನ್ನೊಂದು ಅಧ್ಯಾಯವಿದೆ; ಓದದವರಿಗೆ ಅದು ಅನಾವಶ್ಯಕವೆಂದು ತೋರಬಹುದು. ಅದು ಸ್ಥಳದ ವಿಚಾರ. ಹಳೆಯ ದಂಡತಕ್ಕಡಿಯಲ್ಲಿ ಈ ಕಡೆ ಕಲ್ಲು, ಆ ಕಡೆ ಕಾಳು. ಭೂಮಿಯು ಎರಡನ್ನೂ ಒಂದೇ ಪ್ರಕಾರ ಎಳೆಯುವುದರಿಂದ ತಕ್ಕಡಿಯನ್ನು ಹಿಮಾಲಯಕ್ಕೆ ಒಯ್ದರೂ ತೂಕ ಬದಲಾಗದು. ವಿದ್ಯುನ್ಮಾನ ಕಾಟಾದ ಹೊಟ್ಟೆಯಲ್ಲಿ ಕಲ್ಲಿಲ್ಲ, ಲೋಡ್ ಸೆಲ್ ಎಂಬ ಲೋಹದ ತುಂಡಿದೆ. ಅದು ಅಳೆಯುವುದು ತಾನು ಎಷ್ಟು ಬಾಗಿದೆನೆಂಬುದನ್ನು, ಎಂದರೆ ಭೂಮಿಯು ಚೀಲವನ್ನು ಎಷ್ಟು ಬಲವಾಗಿ ಎಳೆಯಿತೆಂಬುದನ್ನು. ಆ ಸೆಳೆತವಾದರೋ ಧ್ರುವದ ಕಡೆ ಹೆಚ್ಚು, ಸಮಭಾಜಕವೃತ್ತದ ಕಡೆ ಕಡಿಮೆ. ದಿಲ್ಲಿಯು ಸುಮಾರು 28.6 ಡಿಗ್ರಿ ಅಕ್ಷಾಂಶದಲ್ಲಿದೆ, ಸಿಂದಗಿ ಸೀಮೆಯು ಸುಮಾರು 17ರಲ್ಲಿ. ಇವೆರಡರ ನಡುವಿನ ಅಂತರವನ್ನು ಸೂತ್ರಕ್ಕೆ ಹಾಕಿ ಲೆಕ್ಕ ಮಾಡಿದರೆ, ದಿಲ್ಲಿಯಲ್ಲಿ ಸರಿಹೊಂದಿಸಿದ ಕಾಟಾವನ್ನು ಹಾಗೆಯೇ ಲಾರಿಗೆ ಹಾಕಿ ಯಂಕಂಚಿಗೆ ತಂದು ಇಟ್ಟಲ್ಲಿ, ಪೂರ್ತಿ ನೂರು ಕಿಲೋದ ಚೀಲವು ಸುಮಾರು 75 ಗ್ರಾಂ ಕಡಿಮೆ ತೂಗುತ್ತದೆ. ಮುದ್ರೆಯ ದಿನದ ಎಲ್ಲೆ 30 ಗ್ರಾಂ. ಯಾರೂ ಮೋಸ ಮಾಡಿಲ್ಲ, ಯಂತ್ರ ಕೆಟ್ಟಿಲ್ಲ, ಆದರೂ ರೈತನಿಗೆ ನಷ್ಟ. ಆದುದರಿಂದಲೇ ಕಾಟಾವನ್ನು ಅದು ದುಡಿಯುವ ಜಾಗದಲ್ಲಿಯೇ, ಪ್ರಮಾಣಿತ ಕಲ್ಲುಗಳನ್ನು ಇಟ್ಟು ಸರಿಪಡಿಸಬೇಕೆಂದು ಕೈಪಿಡಿಯು ಪಟ್ಟು ಹಿಡಿಯುತ್ತದೆ. ನಿರೀಕ್ಷಕನ ಜೀಪಿನಲ್ಲಿ ಕಬ್ಬಿಣದ ಗುಂಡುಗಳು ಇಂದಿಗೂ ಸವಾರಿ ಮಾಡುವುದಕ್ಕೆ ಇದು ಕಾರಣ.

ಬಿಸಿಲಿನದೂ ಇಂಥದೇ ಕಥೆ. ಉದ್ದದ ಅಳತೆಗಳಿಗೆಲ್ಲ ಆಧಾರವಾದ ಉಷ್ಣತೆ 20 ಡಿಗ್ರಿಯೆಂದು 1931ರಲ್ಲಿ ತೂಕ-ಅಳತೆಗಳ ಅಂತರರಾಷ್ಟ್ರೀಯ ಸಮಿತಿಯು ನಿಶ್ಚಯಿಸಿತು. ಆ ಸಮಿತಿಯವರು ವೈಶಾಖದ ಮಧ್ಯಾಹ್ನ ನಮ್ಮ ಎರೆಹೊಲದಲ್ಲಿ ನಿಂತವರಲ್ಲ. 42 ಡಿಗ್ರಿಯ ಬಿಸಿಲಿನಲ್ಲಿ 30 ಮೀಟರಿನ ಉಕ್ಕಿನ ಟೇಪು ಏಳೂವರೆ ಮಿಲಿಮೀಟರಿನಷ್ಟು ಹಿಗ್ಗಿರುತ್ತದೆ. ಹಿಗ್ಗಿದ ಟೇಪು ಉದ್ದವನ್ನು ಕಡಿಮೆ ಹೇಳುತ್ತದೆ. ಹೊಲದ ಬದುವಿಗೆ ಇದು ಲೆಕ್ಕಕ್ಕಿಲ್ಲ. ಸೇತುವೆಯ ತೊಲೆಗೆ, ಯಂತ್ರದ ಅಚ್ಚಿಗೆ ಲೆಕ್ಕವುಂಟು, ಮತ್ತು ಎಲ್ಲಿ ಲೆಕ್ಕವುಂಟು ಎಲ್ಲಿ ಇಲ್ಲ ಎಂಬ ವಿವೇಕವನ್ನೂ ಕೈಪಿಡಿಯೇ ಕಲಿಸುತ್ತದೆ.

ಇಂಥ ಗ್ರಂಥಗಳು ನಮಗೆ ಪಶ್ಚಿಮದಿಂದ ಹಡಗಿನಲ್ಲಿ ಬಂದವೆಂದು ತಿಳಿಯುವುದು ಸರಿಯಲ್ಲ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ನಾರಾಯಣನೆಂಬ ಮಂತ್ರಿಯು ಕಟ್ಟಿಸಿದ ವಿದ್ಯಾಶಾಲೆಗೆ, ನಾನಾ ಜನಪದಗಳಿಂದ ಬಂದು ಕಲಿಯುತ್ತಿದ್ದ ವಿದ್ಯಾರ್ಥಿಗಳ ಯೋಗಕ್ಷೇಮಕ್ಕಾಗಿ ಬಿಟ್ಟ ಭೂಮಿಯನ್ನು ಅದು ನಿವರ್ತನಗಳ ಲೆಕ್ಕದಲ್ಲಿ ಹೇಳುತ್ತದೆ. ಹಾಗೆ ಹೇಳಬೇಕಾದರೆ ನಿವರ್ತನಕ್ಕೆ ಎಷ್ಟು ದಂಡ, ದಂಡಕ್ಕೆ ಎಷ್ಟು ಹಸ್ತ ಎಂಬುದು ಅಳೆಯುವವನಿಗೂ ಬರೆಯುವವನಿಗೂ ಮೊದಲೇ ಒಪ್ಪಿಗೆಯಾಗಿರಬೇಕಷ್ಟೆ. ಇಂಥ ಒಪ್ಪಿಗೆಯ ಲಿಖಿತ ರೂಪವು ಅದಕ್ಕೆ ಒಂದು ಶತಮಾನ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ದೊರೆಯುತ್ತದೆ. ಸಂಸ್ಕೃತದ ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಆಚಾರ್ಯನು ಕೂಡುವ ಕಳೆಯುವ ಲೆಕ್ಕಕ್ಕೆ ಕೈಹಾಕುವ ಮೊದಲೇ ಕ್ಷೇತ್ರ, ಕಾಲ, ಧಾನ್ಯ, ಸುವರ್ಣ, ರಜತ, ಲೋಹ ಇವುಗಳ ಪರಿಭಾಷೆಯನ್ನು ಕ್ರಮವಾಗಿ ಮಂಡಿಸುತ್ತಾನೆ: ಎಂಟು ಯವಕ್ಕೆ ಒಂದು ಅಂಗುಲ, ಆರು ಅಂಗುಲಕ್ಕೆ ಪಾದ, ಎರಡು ಪಾದಕ್ಕೆ ವಿತಸ್ತಿ, ಎರಡು ವಿತಸ್ತಿಗೆ ಹಸ್ತ, ನಾಲ್ಕು ಹಸ್ತಕ್ಕೆ ದಂಡ, ಎರಡು ಸಾವಿರ ದಂಡಕ್ಕೆ ಕ್ರೋಶ. ಇಂದಿನ ತಾಂತ್ರಿಕ ಕೈಪಿಡಿಯ ಮೊದಲ ಅಧ್ಯಾಯದ ಕೆಲಸವೂ ಇದೇ.

ಆದರೆ ಈ ಹಳಬರಲ್ಲಿ ಒಂದು ಕೊರತೆಯನ್ನು ಹೇಳಬೇಕು. ಯವದ ಕಾಳು ದಪ್ಪವಾದರೆ ಅಂಗುಲವೂ ದಪ್ಪವಾಗುತ್ತದೆ. ಎಷ್ಟು ವ್ಯತ್ಯಾಸವನ್ನು ಸಹಿಸಬೇಕೆಂಬ ಕೋಷ್ಟಕ ಆ ಪರಿಭಾಷೆಯಲ್ಲಿಲ್ಲ. ಊರೂರಿಗೆ ಗಳೆ ಬೇರೆಯಾಗಿತ್ತು, ಕೋಲು ಬೇರೆಯಾಗಿತ್ತು. ಬಳ್ಳಿಗಾವೆಯ ಕಡೆ ಭೇರುಂಡಗಳೆಯೆಂದೇ ಒಂದು ಅಳತೆಯಿತ್ತು. ಧಾನ್ಯ ಅಳೆಯುವ ಬಳ್ಳವನ್ನೇ ಲಿಂಗವೆಂದು ಪೂಜಿಸಿದನೆಂಬ ಬಳ್ಳೇಶ ಮಲ್ಲಯ್ಯನ ಕಥೆಯು ಶರಣರಲ್ಲಿ ಪ್ರಸಿದ್ಧವಾಗಿದೆ. ಅಳತೆಯ ಪಾತ್ರೆಗೆ ಇದಕ್ಕಿಂತ ದೊಡ್ಡ ಗೌರವ ಬೇರೆಲ್ಲಿಯೂ ಸಿಕ್ಕಿರಲಾರದು. ಆದರೆ ಗೌರವದಿಂದ ಬಳ್ಳದ ಗಾತ್ರ ಊರಿಂದೂರಿಗೆ ಒಂದಾಗುವುದಿಲ್ಲ.

ಮುಂದೆ ಮೋಜಣಿಯ ಕಾಲ ಬಂದಿತು. ಮುಂಬಯಿ ಸರಕಾರದ ಕಂದಾಯ ಮೋಜಣಿಗೆ ಅಡಿಗಲ್ಲಾದ 1847ರ ಜಂಟಿ ವರದಿಗೆ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು ಅಧಿಕಾರಿಗಳ ಸಹಿಯಿದೆ. ಇವರಲ್ಲಿ ವಿಂಗೇಟನು ನಮ್ಮ ಪ್ರಾಂತವನ್ನೊಳಗೊಂಡ ದಕ್ಷಿಣ ಮರಾಠಾ ಸೀಮೆಯ ಮೋಜಣಿಯನ್ನು ನಡೆಸಿದವನು. ಅಳತೆಗಾರನ ದೃಷ್ಟಿಯಿಂದ ನೋಡಿದರೆ ಇದು ವರದಿಯೆನ್ನುವುದಕ್ಕಿಂತ ಕೈಪಿಡಿಯೇ ಸರಿ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿಯ ಚೌಕವೇ ಗುಂಟೆ, ನಲವತ್ತು ಗುಂಟೆಗೆ ಎಕರೆ. ಅಳೆದವನ ಕೆಲಸವನ್ನು ಮೇಲಿನವನು ಮತ್ತೊಮ್ಮೆ ಅಳೆದು ತಾಳೆ ನೋಡಬೇಕೆಂಬ ಪದ್ಧತಿಯೂ ಈ ವ್ಯವಸ್ಥೆಯಲ್ಲಿ ನೆಲೆಗೊಂಡಿತು. ಮಹಾವೀರಾಚಾರ್ಯನಲ್ಲಿ ಕಾಣದಿದ್ದುದು ಅಳೆದವನೂ ತಪ್ಪಬಹುದೆಂಬ ಈ ಸಂಶಯ. ಯಂಕಂಚಿಯ ಯಾವ ರೈತನ ಪಹಣಿಯನ್ನು ಬಿಚ್ಚಿದರೂ ಎಕರೆ-ಗುಂಟೆಯ ಅಂಕಣದಲ್ಲಿ ಆ ಸರಪಳಿಯೇ ಇಂದಿಗೂ ಮಾತಾಡುತ್ತದೆ.

ತೂಕದಲ್ಲಿ ಮಾತ್ರ ಹಳೆಯದು ಹೋಯಿತು. 1932ರ ಮುಂಬಯಿ ತೂಕ-ಅಳತೆ ಕಾಯಿದೆಯ ಕಾಲಕ್ಕೆ ಸಿಂದಗಿ ಸೀಮೆಯನ್ನೊಳಗೊಂಡ ಬಿಜಾಪುರ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿತ್ತು. ತೊಲೆ, ಛಟಾಕು, ಪಾವು, ಅಚ್ಚೇರು, ಸೇರು, ಪಂಚೇರಿ, ಧಡೇವು ಇವೇ ಪೇಟೆಯ ನುಡಿ. 1956ರಲ್ಲಿ ದಶಮಾನ ಪದ್ಧತಿಯ ಕಾನೂನು ಬಂದಿತು. ಅದೇ ವರ್ಷ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ. 1958ರ ಅಕ್ಟೋಬರ್‌ನಿಂದ ಕಿಲೋ ಕಲ್ಲು ದೇಶದಲ್ಲಿ ಹಂತಹಂತವಾಗಿ ಚಲಾವಣೆಗೆ ಬಂದಿತು. ರಾಜ್ಯ, ನಾಣ್ಯ, ತೂಕ ಮೂರೂ ಎರಡು ವರ್ಷಗಳ ಅಂತರದಲ್ಲಿ ಬದಲಾದ ಕಿರಾಣಿ ಅಂಗಡಿಯವನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಒಂದು ತೊಲೆಗೆ 11.6638 ಗ್ರಾಂ, 80 ತೊಲೆಯ ಸೇರಿಗೆ 933 ಗ್ರಾಂ, ನಲವತ್ತು ಸೇರಿನ ಮಣಕ್ಕೆ 37.32 ಕಿಲೋ ಎಂಬ ಪರಿವರ್ತನೆಯ ಕೋಷ್ಟಕವೇ ಆಗ ಅವನಿಗೆ ದಾರಿದೀಪ.

ಇಂದಿನ ನಿರೀಕ್ಷಕನ ಕೈಯ ಕಲ್ಲಿಗೆ ವಂಶಾವಳಿಯುಂಟು. ಅದು ಕಾರ್ಯಪ್ರಮಾಣಕ, ಅದನ್ನು ತಾಳೆ ನೋಡುವುದು ದ್ವಿತೀಯ ಪ್ರಮಾಣಕದೊಡನೆ, ಅದನ್ನು ಆಧಾರ ಪ್ರಮಾಣಕದೊಡನೆ. ಆಧಾರ ಪ್ರಮಾಣಕಗಳನ್ನು ಕಾಪಾಡುವ ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಎಲ್ಲಕ್ಕೂ ಮೇಲೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ 57ನೆಯ ಸಂಖ್ಯೆಯ ಕಿಲೋಗ್ರಾಂ ಅಲ್ಲಿಯ ನಿಧಿ. ಪ್ಯಾರಿಸ್ಸಿನ ಬಳಿ ಇರಿಸಿದ್ದ ಮೂಲ ಲೋಹದ ಅಧಿಕಾರವು 2019ರ ಮೇ 20ಕ್ಕೆ ಕೊನೆಗೊಂಡು, ಕಿಲೋಗ್ರಾಮು ಪ್ಲಾಂಕ್ ಸ್ಥಿರಾಂಕದ ಆಧಾರಕ್ಕೆ ಬಂದಿತು. ತೊಗರಿ ಚೀಲಕ್ಕೆ ಅದು ಗೊತ್ತಾಗಲಿಲ್ಲ. ಹೀಗೆ ಮೇಲಿಂದ ಕೆಳಗೆ ಇಳಿಯುವಾಗ ಪ್ರತಿ ಮೆಟ್ಟಿಲಿನಲ್ಲಿಯೂ ಒಂದಿಷ್ಟು ಅನಿಶ್ಚಿತತೆ ಕೂಡಿಕೊಳ್ಳುತ್ತದೆ. ಅದನ್ನು ಮುಚ್ಚಿಡದೆ ಲೆಕ್ಕ ಕಟ್ಟಿ ಪ್ರಮಾಣಪತ್ರದಲ್ಲಿ ಬರೆಯುವ ವಿಧಾನವನ್ನು ಬೋಧಿಸುವ ಅಂತರರಾಷ್ಟ್ರೀಯ ಮಾರ್ಗದರ್ಶಿಯು 1993ರಲ್ಲಿ ಹೊರಬಂದಿತು; ಜಗತ್ತಿನ ಮಾಪನ ಪ್ರಯೋಗಾಲಯಗಳಿಗೆಲ್ಲ ಈಗ ಅದೇ ಸ್ಮೃತಿ. ನಮ್ಮ ಕಾಟಾದ ಕೋಷ್ಟಕಗಳು 1955ರಲ್ಲಿ ಸ್ಥಾಪಿತವಾದ ಕಾನೂನು ಮಾಪನದ ಅಂತರರಾಷ್ಟ್ರೀಯ ಸಂಘಟನೆಯ ಶಿಫಾರಸಿಗೆ ಹೊಂದಿಕೊಂಡಿವೆ. ಅಮೆರಿಕದವರು 1949ರಲ್ಲಿ ಮೊದಲು ಅಚ್ಚಾದ ತಮ್ಮ ‘ಹ್ಯಾಂಡ್‌ಬುಕ್ 44’ನ್ನು ವರ್ಷವರ್ಷವೂ ತಿದ್ದಿ ಅಚ್ಚುಹಾಕುತ್ತಾರೆ; ಪಂಚಾಂಗವನ್ನು ಬಿಟ್ಟರೆ ಇಷ್ಟು ನಿಷ್ಠೆಯಿಂದ ಹೊಸತಾಗುವ ಪುಸ್ತಕ ಕಡಿಮೆ.

ಸಾಮಾನ್ಯ ಓದುಗನು ಇಂಥ ಕೈಪಿಡಿಯೊಂದನ್ನು ಕಣ್ಣಾರೆ ನೋಡಬೇಕೆಂದರೆ ಪೆಟ್ರೋಲ್ ಬಂಕಿಗೆ ಹೋಗಬಹುದು. ಅಲ್ಲಿ ಐದು ಲೀಟರಿನ ಮುದ್ರೆಯೊತ್ತಿದ ಪಾತ್ರೆಯಿರುತ್ತದೆ. ಅದಕ್ಕೆ ಹಿಡಿಸಿದಾಗ ವ್ಯತ್ಯಾಸ 25 ಮಿಲಿಲೀಟರನ್ನು ಮೀರಬಾರದು. ಜೊತೆಗೆ ಗಾಜಿನ ಜಾಡಿ, ಹೈಡ್ರೋಮೀಟರು, ಉಷ್ಣಮಾಪಕ ಮತ್ತು ಒಂದು ಕೋಷ್ಟಕದ ಪುಸ್ತಕ. ಪೆಟ್ರೋಲಿನ ಸಾಂದ್ರತೆ ಬಿಸಿಲಿಗೆ ಇಳಿಯುವುದರಿಂದ ಮಧ್ಯಾಹ್ನ ನೋಡಿದ ಅಂಕೆಯನ್ನು ಆ ಕೋಷ್ಟಕದ ಮೂಲಕ 15 ಡಿಗ್ರಿಯ ಅಂಕೆಗೆ ತಂದು, ಟ್ಯಾಂಕರಿನ ಕಾಗದದಲ್ಲಿರುವ ಸಾಂದ್ರತೆಯೊಡನೆ ಹೋಲಿಸತಕ್ಕದ್ದು. ಘನಮೀಟರಿಗೆ ಮೂರು ಕಿಲೋಗಿಂತ ಹೆಚ್ಚು ಅಂತರ ಬಂದರೆ ಕಲಬೆರಕೆಯ ಸಂಶಯ. ಕೇಳಿದ ಗ್ರಾಹಕನಿಗೆ ಇದನ್ನು ತೋರಿಸತಕ್ಕದ್ದೆಂದು ವಿಧಿ. ಕೇಳುವವರು ವಿರಳ; ಆ ಪುಟಗಳ ಅಂಕಣದ ತಲೆಬರಹಗಳೆಲ್ಲ ಇಂಗ್ಲಿಷಿನಲ್ಲಿರುವುದೂ ಅದಕ್ಕೊಂದು ಕಾರಣವಿರಬೇಕು.

ಈ ಕಾರಣವು ಸಣ್ಣದಲ್ಲ. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಎಂಬ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿದನು. ಶಾಸ್ತ್ರಕ್ಕೆ ಸಂಸ್ಕೃತವೇ ಭಾಷೆಯೆಂಬ ಕಾಲದಲ್ಲಿ ಅವನು ಅಂಗಡಿಯವನ, ಹೊಲ ಅಳೆಯುವವನ ಲೆಕ್ಕಗಳನ್ನು ಅವರ ನುಡಿಯಲ್ಲಿಯೇ ಕಟ್ಟಿಕೊಟ್ಟನು. ಇಂದು ತೂಕ-ಅಳತೆಯ ತಂತ್ರಜ್ಞನು ಓದುವ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನವು. ಐ.ಟಿ.ಐ. ಮುಗಿಸಿ ಕಾಟಾ ದುರಸ್ತಿಯ ಲೈಸೆನ್ಸು ಪಡೆಯುವ ಸಿಂದಗಿಯ ಹುಡುಗನಿಗೆ ಕೈಯಲ್ಲಿ ಕೌಶಲವಿದ್ದರೂ ಆ ಪುಟಗಳ ನಿಬಂಧನೆಗಳು ಕಗ್ಗಂಟು. ಅವನು ಗುರುವಿನ ಕೈನೋಡಿ ಕಲಿತಷ್ಟೇ ವಿದ್ಯೆ. ನೂರು ಪುಟದ ಕನ್ನಡ ಹೊತ್ತಿಗೆಯೊಂದನ್ನು ಈ ಸೀಮೆಗೆಂದೇ ಬರೆಯುವುದು ಅಸಾಧ್ಯವಲ್ಲ. ಅದರಲ್ಲಿ 17 ಡಿಗ್ರಿ ಅಕ್ಷಾಂಶದ ಗುರುತ್ವದ ಅಂಕೆ ಇರಲಿ, 40 ಡಿಗ್ರಿ ಬಿಸಿಲಿಗೆ ಟೇಪಿನ ತಿದ್ದುಪಡಿ ಇರಲಿ, ಮೂಲೆಪರೀಕ್ಷೆಯ ಚಿತ್ರವಿರಲಿ, ಕಬ್ಬಿನ ಹಂಗಾಮಿಗೆ ಒಂದು ಪುಟ ಮೀಸಲಿರಲಿ, ಆ ಪುಟದಲ್ಲಿ ಹತ್ತು ಕಿಲೋ ಹೆಜ್ಜೆಯ 50 ಟನ್ನಿನ ವೇಬ್ರಿಜ್ಜು 25 ಟನ್ನಿನ ಗಾಡಿಯ ಮೇಲೆ ಬಳಕೆಯಲ್ಲಿ 30 ಕಿಲೋವರೆಗೆ ತಪ್ಪಬಹುದು, ಅದಕ್ಕಿಂತ ಹೆಚ್ಚು ತಪ್ಪಿದರೆ ದೂರು ಕೊಡಬಹುದು ಎಂಬ ಸಾಲು ದಪ್ಪಕ್ಷರದಲ್ಲಿ ಇರಲಿ.